ಬಾವುಟ ತೆಗೆಯುವ ಕೆಲಸ

ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿದ್ದ ಕೊನೆಯ ವರ್ಷಗಳಲ್ಲಿ, ಸರ್ಕಾರಿ ಗೌರವದ ಅಂತ್ಯಕ್ರಿಯೆ ಎಲ್ಲೇ ನಡೆದರೂ ಬಾವುಟದ ಹೊಣೆ ನನ್ನ ಪಾಲಿಗೇ ಬರುತ್ತಿತ್ತು. ಹೊದಿಸುವುದು ಸುಲಭ: ಕೇಸರಿ ತಲೆಯ ಕಡೆಗೆ ಬಂದರೆ ಆಯಿತು. ಕಷ್ಟವಿರುವುದು ತೆಗೆಯುವುದರಲ್ಲಿ. ಬಾವುಟ ಕುಣಿಗೆ ಇಳಿಯಬಾರದು, ಚಿತೆಯಲ್ಲಿ ಸುಡಬಾರದು ಎಂದು ಧ್ವಜ ಸಂಹಿತೆಯಲ್ಲೇ ಇದೆ. ಮನೆಯವರು ಕೊನೆಯ ಸಲ ಮೈಮೇಲೆ ಬಿದ್ದು ಅಳುವುದೂ ಅದೇ ಹೊತ್ತಿಗೆ. ಒಮ್ಮೆ ಒಬ್ಬ ಯೋಧನ ತಾಯಿಯ ಮುಷ್ಟಿಯಲ್ಲಿ ಹಸಿರು ಅಂಚು ಸಿಕ್ಕಿಕೊಂಡಿತ್ತು. ಒಂದೊಂದೇ ಬೆರಳು ಬಿಡಿಸಿದೆ. ಆಕೆ ನನ್ನ ಮುಖ ನೋಡಲಿಲ್ಲ, ಅದೇ ಪುಣ್ಯ.

ಮಡಚುವುದಕ್ಕೂ ಕ್ರಮವಿದೆ. ಕೇಸರಿ, ಹಸಿರು ಎರಡೂ ಬಿಳಿಯ ಅಡಿಗೆ ಹೋಗಬೇಕು. ಬಳಿಕ ಎರಡು ಬದಿಯಿಂದ ಒಳಕ್ಕೆ ಮಡಚಿದರೆ ಮೇಲೆ ಅಶೋಕ ಚಕ್ರ, ಅದರ ಜೊತೆ ಎರಡು ಬಣ್ಣಗಳ ತುಸು ಅಂಚು ಉಳಿಯುತ್ತದೆ. ಅಂಗೈಗಳ ಮೇಲಿಟ್ಟು ಒಯ್ಯಬೇಕು. ಅಮೆರಿಕದಲ್ಲಿ ಹದಿಮೂರು ಮಡಿಕೆ ಹಾಕಿ ತ್ರಿಕೋನ ಮಾಡಿ ಕೊಡುತ್ತಾರೆಂದು ಮೊಮ್ಮಗ ಮೊಬೈಲ್‌ನಲ್ಲಿ ತೋರಿಸಿದ. ಚೆಂದವೇ. ಆದರೆ ಇಳಕಲ್ ಸೀರೆ ಮಡಚಿಟ್ಟಂತೆ ಕಾಣುವ ನಮ್ಮದೇ ನನಗೆ ಹೆಚ್ಚು.

ಇನ್ನು ಗಾಳಿಯಲ್ಲಿ ಗುಂಡು ಹಾರಿಸುವುದಕ್ಕೆ ಪತ್ರಿಕೆಯವರು 'ಕುಶಾಲತೋಪು' ಎನ್ನುತ್ತಾರೆ. ಸಾವಿನ ಮನೆಯಲ್ಲಿ ಎಂಥ ಕುಶಾಲವೋ!

ನಿವೃತ್ತಿಯಾದ ಮೇಲೆ ನನ್ನ ಜೊತೆಯವನೇ ಒಬ್ಬ ತೀರಿಕೊಂಡ. ಅವನಿಗೂ ನಿವೃತ್ತಿಯಾಗಿ ಆರು ವರ್ಷವಾಗಿತ್ತು. ಲಿಂಗಾಯತ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ವಿಭೂತಿ, ಪಕ್ಕದಲ್ಲಿ ಭಜನೆ. ಮಗ ಅಂಗಡಿಯಿಂದ ತಂದ ಪಾಲಿಯೆಸ್ಟರ್ ಬಾವುಟವನ್ನು ಶಾಲಿನ ಹಾಗೆ ಅಪ್ಪನ ಹೆಗಲಿಗೆ ಹೊದಿಸಿದ್ದ. ಹಸಿರು ಕುತ್ತಿಗೆಗೆ ಬಂದಿತ್ತು, ಕೇಸರಿ ತೊಡೆಯ ಮೇಲೆ.

ಸರ್ಕಾರಿ ಗೌರವದ್ದು, ಸೇನೆಯದು, ಅರೆಸೇನಾ ಪಡೆಗಳದು: ಈ ಅಂತ್ಯಕ್ರಿಯೆಗಳನ್ನು ಬಿಟ್ಟು ಬೇರೆಲ್ಲೂ ಬಾವುಟವನ್ನು ಹೊದಿಸಿದರೆ 1971ರ ಕಾಯ್ದೆಯ ಪ್ರಕಾರ ಅದು ಅಪಮಾನ. ಇವನಿಗೆ ಸರ್ಕಾರದ ಆದೇಶ ಎಲ್ಲಿಂದ ಬರಬೇಕು? ಮಗನನ್ನು ಹಿತ್ತಲಿಗೆ ಕರೆದು ಹೇಳಿದೆ.

"ಕಾಕಾ, ಅಪ್ಪ ಮೂವತ್ತು ವರ್ಷ ಇದಕ್ಕೇ ಅಲ್ಲವೇ ಸಲಾಮು ಹೊಡೆದದ್ದು?"

ನನ್ನ ಬಳಿ ಉತ್ತರವಿರಲಿಲ್ಲ. ಇವತ್ತಿಗೂ ಇಲ್ಲ. ಕಾಯ್ದೆ ಸರಿಯೇ ಇದೆ. ಇಲ್ಲದಿದ್ದರೆ ಊರೂರಿನ ಪುಢಾರಿಗಳೆಲ್ಲ ತ್ರಿವರ್ಣದಲ್ಲಿ ಸುತ್ತಿಕೊಂಡೇ ಹೋಗುತ್ತಿದ್ದರು. ಆದರೂ ಆ ಹುಡುಗನ ಎದುರು ಅದನ್ನು ಹೇಳಲು ಬಾಯಿ ಬರಲಿಲ್ಲ. ಸುಮ್ಮನೆ ಒಂದು ತುದಿ ನಾನು ಹಿಡಿದೆ, ಇನ್ನೊಂದು ಅವನ ಕೈಗೆ ಕೊಟ್ಟೆ. ಕೇಸರಿ ಒಳಗೆ, ಹಸಿರು ಒಳಗೆ ಎಂದು ಮೆಲ್ಲಗೆ ಹೇಳುತ್ತಾ ಹೋದೆ, ಅವನು ಮಡಚುತ್ತಾ ಬಂದ. ಅಂಗೈಗಳ ಮೇಲಿಟ್ಟುಕೊಂಡು ಒಳಗಿನ ಕಪಾಟಿನತ್ತ ನಡೆದ.

ಹೊರಗೆ ಬರುವಾಗ ಅವನ ಕೈಯಲ್ಲಿ ಅಪ್ಪನ ಸಮವಸ್ತ್ರದ ಟೋಪಿ ಇತ್ತು. "ಇದಕ್ಕೂ ಕಾಯ್ದೆ ಇದೆಯೇ ಕಾಕಾ?"

ಇಲ್ಲವೆಂದೆ. ತೊಡೆಯ ಮೇಲಿಟ್ಟ. ಮಣ್ಣು ಹಾಕುವ ಮೊದಲು ಕುಣಿಯೊಳಕ್ಕೆ ಬಗ್ಗಿ ಆ ಟೋಪಿಯನ್ನೂ ತೆಗೆದು ಅವನ ಕೈಗೆ ಕೊಟ್ಟೆ.