ಎಲ್‌ಕೆಜಿ ಇಂಟರ್‌ವ್ಯೂಗೆ ಕೋಚಿಂಗ್ ಬೇಕಾ?

ಬೆಂಗಳೂರಿನಲ್ಲಿ ಅಡ್ಮಿಷನ್ ಸೀಸನ್ ಶುರುವಾದರೆ ಅಪ್ಪ-ಅಮ್ಮಂದಿರದು ಒಂದೇ ಪ್ರಶ್ನೆ: ‘ಒಳ್ಳೆ ಸ್ಕೂಲಲ್ಲಿ ಮಗುವಿಗೆ ಟೆಸ್ಟ್ ಇದೆಯಂತೆ, ಕೋಚಿಂಗ್ ಸೇರಿಸೋಣವಾ?’ ಬೇಡ. ಆ ದುಡ್ಡಲ್ಲಿ ಮರದ ಬ್ಲಾಕು, ದಪ್ಪ ಕ್ರೇಯಾನು, ಮೊಂಡು ತುದಿಯ ಕತ್ತರಿ ತನ್ನಿ.

ಶಾಲೆಯವರು ಇದನ್ನು ಟೆಸ್ಟ್ ಅನ್ನುವುದಿಲ್ಲ, ‘ಇಂಟರಾಕ್ಷನ್’ ಅನ್ನುತ್ತಾರೆ. ಪುಟ್ಟ ಮೇಜು, ಎದುರಿಗೆ ಗುರುತಿಲ್ಲದ ಟೀಚರು. ಬಣ್ಣ ಹೇಳು, ಮಣಿ ಪೋಣಿಸು, ಚಿತ್ರದಲ್ಲಿ ಏನು ನಡೀತಿದೆ ನೋಡು ಅಂತ ಕೇಳುತ್ತಾರೆ. ಬಾಯಿಪಾಠ ಕೈಕೊಡುವುದು ಇಲ್ಲೇ. ‘ಹೂ ಕೇಮ್ ವಿತ್ ಯೂ?’ ಅಂದರೂ ಮಗು ‘ಮೈ ನೇಮ್ ಈಸ್...’ ಅಂತ ಶುರು ಹಚ್ಚಿಕೊಳ್ಳುತ್ತದೆ. ಅದನ್ನೇ ಕನ್ನಡದಲ್ಲಿ ‘ಯಾರ ಜೊತೆ ಬಂದೆ ಪುಟ್ಟಾ?’ ಅಂತ ಕೇಳಿದ್ದರೆ ಅಜ್ಜಿಯಿಂದ ಹಿಡಿದು ಆಟೋ ಮಾಮನವರೆಗೆ ಎಲ್ಲ ಹೇಳುತ್ತಿತ್ತು. ಹಾಗಾಗಿ ಮಗು ಮನೆಮಾತಿನಲ್ಲಿ ಉತ್ತರಿಸಬಹುದೇ ಎಂದು ಅರ್ಜಿ ಕೊಡುವಾಗಲೇ ವಿಚಾರಿಸಿ. ಮಧ್ಯಾಹ್ನದ ನಿದ್ದೆ ಹೊತ್ತಿನ ಸ್ಲಾಟ್ ಕೊಟ್ಟರೆ ಬೆಳಿಗ್ಗೆಗೆ ಬದಲಿಸಿಕೊಳ್ಳಿ. ಅಮ್ಮನ ಸೆರಗು ಬಿಟ್ಟು ಹತ್ತು ನಿಮಿಷ ಬೇರೆ ಕೋಣೆಯಲ್ಲಿ ಕೂರುವುದು, ‘ಸೂಸೂ ಬಂತು’ ಅಂತ ಹೇಳುವುದು, ಇವೆರಡನ್ನು ರೂಢಿ ಮಾಡಿಸಿದರೆ ಸಾಕು.

ಇಷ್ಟು ಚಿಕ್ಕವರ ಪರೀಕ್ಷೆಯಲ್ಲಿ ಮುಖ್ಯವಾಗಿ ಕಾಣುವುದು ಬುದ್ಧಿಯಲ್ಲ, ಹುಟ್ಟಿದ ತಿಂಗಳು. ನೋಡಿ ಬರೆಯುವುದರಲ್ಲಿ ವೃತ್ತ ಸುಮಾರು 3 ವರ್ಷಕ್ಕೆ, ಪ್ಲಸ್ ಗುರುತು 4ಕ್ಕೆ, ಚೌಕ ನಾಲ್ಕೂವರೆ ಆಸುಪಾಸಿಗೆ, ತ್ರಿಕೋನ 5ರ ಹೊತ್ತಿಗೆ ಬರುತ್ತದೆ. ಮೂರೂವರೆಯ ಕೂಸಿಗೆ ತ್ರಿಕೋನ ಬರಲಿಲ್ಲ ಅಂತ ಗದರಿದರೆ ಪೆನ್ಸಿಲ್ ಕಂಡರೇ ಓಡುತ್ತದೆ, ಅಷ್ಟೆ. ಜೂನ್‌ನಲ್ಲಿ ಹುಟ್ಟಿದ ಮಗುವಿಗೂ ಮುಂದಿನ ಮೇನಲ್ಲಿ ಹುಟ್ಟಿದ್ದಕ್ಕೂ ಹತ್ತಿರ ಹತ್ತಿರ ಒಂದು ವರ್ಷದ ಅಂತರ. ಇಬ್ಬರೂ ಒಂದೇ ಮೇಜಿಗೆ ಬರುತ್ತಾರೆ.

ಅದಕ್ಕೇ ಅವಸರ ಬೇಡ. ಕರ್ನಾಟಕದ ನಿಯಮದಂತೆ 1ನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. ಹಿಂದಕ್ಕೆ ಎಣಿಸಿದರೆ ಎಲ್‌ಕೆಜಿಗೆ 4. ಶಾಲೆಯವರು ‘ಪರವಾಗಿಲ್ಲ, ಸೇರಿಸಿ’ ಅಂತ ಎಳೆಯ ಮಗುವನ್ನು ತೆಗೆದುಕೊಂಡರೆ ತೊಡಕು ಎರಡು ವರ್ಷದ ಮೇಲೆ 1ನೇ ತರಗತಿಯ ಬಾಗಿಲಲ್ಲಿ ಕಾಣುತ್ತದೆ: ಯುಕೆಜಿ ಮತ್ತೊಮ್ಮೆ, ಫೀಸೂ ಮತ್ತೊಮ್ಮೆ. 2025-26ಕ್ಕೆ ಯುಕೆಜಿ ಮುಗಿಸಿದವರಿಗೆ ಸರ್ಕಾರ 5 ವರ್ಷ 5 ತಿಂಗಳಿಗೆ ಸಡಿಲಿಸಿತ್ತು, ಅದೂ ಆ ಒಂದು ವರ್ಷಕ್ಕೆ ಮಾತ್ರ.

ಇನ್ನು ಕಾನೂನು. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 13ನೇ ಕಲಂ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಸೀಟು ಕೊಡುವುದನ್ನು ನಿಷೇಧಿಸುತ್ತದೆ. ಆಯ್ಕೆ ಮಾಡಲೇಬೇಕೆಂದರೆ ಲಾಟರಿಯಂಥ ಯಾದೃಚ್ಛಿಕ ವಿಧಾನ. ಮೊದಲ ತಪ್ಪಿಗೆ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ತಪ್ಪಿಗೆ 50,000ದವರೆಗೆ ದಂಡ. ಡೊನೇಷನ್ ವಸೂಲಿ ಮಾಡಿದರೆ ಆ ಮೊತ್ತದ ಹತ್ತು ಪಟ್ಟಿನವರೆಗೆ. ಆದರೆ ಕಾಯ್ದೆಯ ಲೆಕ್ಕದಲ್ಲಿ ‘ಮಗು’ ಎಂದರೆ 6ರಿಂದ 14 ವರ್ಷದವರು. ಎಲ್‌ಕೆಜಿ ಇಂಟರ್‌ವ್ಯೂ ನಡೆಸುವವರು ಈ ಸಂದಿಯಲ್ಲೇ ನುಸುಳುತ್ತಾರೆ. ಅಲ್ಪಸಂಖ್ಯಾತ ಶಾಲೆಗಳಿಗಂತೂ 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಈ ಕಾಯ್ದೆಯೇ ಅನ್ವಯಿಸುವುದಿಲ್ಲ.

1ನೇ ತರಗತಿಗೇ ಲಿಖಿತ ಪರೀಕ್ಷೆ ಇಟ್ಟರೆ ಮಾತ್ರ ಸುಮ್ಮನಿರಬೇಡಿ. ಪರೀಕ್ಷೆಗೆ ಕರೆದ ಇಮೇಲ್, ಮೆಸೇಜು, ಫೀಸಿನ ರಸೀದಿ ಇಟ್ಟುಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತ ದೂರು ಕೊಡಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ ದೂರಿಗೆ ಬಾಯಿಮಾತಿನ ಸಮಾಧಾನವೇ ಸಿಗುವುದು.