ಚಪ್ಪಲಿ ಹೋಮ್ಸನದು, ಮಾತು ಇವಳದು

ಅಕ್ಕನ ಮಗಳು ನಿನ್ನೆ ಸಂಜೆ ತಾನು ಬರೆದ ಫ್ಯಾನ್ ಫಿಕ್ಷನ್ (ಬೇರೊಬ್ಬರ ಪಾತ್ರಗಳನ್ನಿಟ್ಟು ಅಭಿಮಾನಿಗಳು ಬರೆಯುವ ಕಥೆ) ಒಂದನ್ನು ಓದಲು ಕೊಟ್ಟಳು. ಅದರಲ್ಲಿ ಪತ್ತೇದಾರ ಷರ್ಲಾಕ್ ಹೋಮ್ಸ್ ಕಲಬುರಗಿಯ ಕೋಟೆಗೆ ಬಂದು, ಅಲ್ಲಿನ ಉದ್ದನೆಯ ಫಿರಂಗಿಯ ಪಕ್ಕದಲ್ಲಿ ಏಪ್ರಿಲ್ ಬಿಸಿಲಿಗೆ ಬೆವರುತ್ತ ಒಂದು ಕೊಲೆಯ ಜಾಡು ಹುಡುಕುತ್ತಾನೆ. ಮೂಲದಲ್ಲಿರುವಂತೆ ಅವನು ತಂಬಾಕನ್ನು ಪರ್ಷಿಯನ್ ಚಪ್ಪಲಿಯ ತುದಿಯಲ್ಲಿ ತುಂಬಿಡುವುದನ್ನೂ ಆಕೆ ಮರೆತಿಲ್ಲ. ಆದರೆ ಕೊನೆಗೆ ಅವನು ಗೆಳೆಯ ವಾಟ್ಸನ್ನನ ಹೆಗಲಿಗೆ ಒರಗಿ, ಅಳುತ್ತ ತನ್ನ ಒಂಟಿತನವನ್ನು ಎರಡು ಪುಟ ತೋಡಿಕೊಂಡಾಗ, ಚಪ್ಪಲಿ ಅವನದೇ ಆದರೂ ಮಾತು ಇವಳದೆಂದು ನನಗನ್ನಿಸಿತು.

ಹಾಗೆಂದು ಹೇಳಿದ್ದಕ್ಕೆ, “ಹಂಗಾದ್ರ ಪಂಪ ಮಾಡಿದ್ದೇನು ಮಾಮಾ?” ಎಂದು ಕೇಳಿದಳು. ಬಿ.ಎ.ಯಲ್ಲಿ ಕನ್ನಡ ಓದುವವರೊಡನೆ ವಾದಕ್ಕೆ ಇಳಿಯಬಾರದು. 10ನೇ ಶತಮಾನದ ಕವಿ ಪಂಪ, ಮಹಾಭಾರತವನ್ನು ಕನ್ನಡದಲ್ಲಿ ಹೇಳುತ್ತ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸುವಾಗ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ್ದು ನಿಜ. ಆದರೂ ಕರ್ಣನ ವಿಷಯ ಬಂದಾಗ, ಅವನು ನಾಯಕನ ಎದುರಾಳಿ ಎಂಬುದನ್ನೂ ಲೆಕ್ಕಿಸದೆ, ಅವನ ತ್ಯಾಗವನ್ನೂ ಸತ್ಯನಿಷ್ಠೆಯನ್ನೂ ಪಂಪ ಎಳ್ಳಷ್ಟೂ ಕುಗ್ಗಿಸಲಿಲ್ಲ. ಸಂಬಂಧವನ್ನು ಬದಲಿಸಿದ, ಸ್ವಭಾವವನ್ನು ಮುಟ್ಟಲಿಲ್ಲ ಎಂದೆ. ಆಕೆ ಒಪ್ಪಲಿಲ್ಲ. ಐವರ ಹೆಂಡತಿಯಾಗಿದ್ದವಳು ಒಬ್ಬನ ಹೆಂಡತಿಯಾದರೆ ಅವಳ ಸಿಟ್ಟು, ಅವಳ ಸಂಕಟ ಮೊದಲಿನಂತೆಯೇ ಉಳಿದೀತೆ ಎಂಬ ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯುತ್ತ, ಹೋಮ್ಸ್ ಅಳುವ ಬದಲು ಸುಮ್ಮನೆ ಪಿಟೀಲು ನುಡಿಸಿದರೆ ಸಾಕೇ ಎಂದು ಕೇಳಿದಳು. ಸಾಕು ಎಂದೆ.