ರಸ್ತೆ ಪರದೆಯ ಮುಂದಿನ ದ್ರೌಪದಿ

ಹಾವೇರಿ ಜಿಲ್ಲೆಯ ನಮ್ಮೂರಿನ ಜಾತ್ರೆಯಲ್ಲಿ ಎರಡು ರಾತ್ರಿ ನಾಟಕವಾಡುವುದು ಹಿಂದಿನಿಂದಲೂ ಬಂದ ರೂಢಿ. ಗಂಡು ಪಾತ್ರಗಳನ್ನು ಊರ ಹುಡುಗರೇ ಹಂಚಿಕೊಂಡು, ನಾಟಕದ ಮಾಸ್ತರರ ಎದುರು ಎರಡು ತಿಂಗಳು ತಾಲೀಮು ಮಾಡುತ್ತಾರೆ. ಸ್ತ್ರೀಪಾತ್ರಗಳಿಗೆ ಮಾತ್ರ ಗದಗ, ಹುಬ್ಬಳ್ಳಿ ಕಡೆಯಿಂದ ವೃತ್ತಿ ಕಲಾವಿದೆಯರು ಬರುತ್ತಾರೆ. ಈ ವರ್ಷ ಬಂದ ಮೂವರಲ್ಲಿ ಐವತ್ತು ದಾಟಿದ ಒಬ್ಬರು ಮೊದಲ ರಾತ್ರಿ ಸಾಮಾಜಿಕ ನಾಟಕದಲ್ಲಿ ಹಾಸ್ಯಪಾತ್ರ ಮಾಡಿದರು, ಮರುರಾತ್ರಿ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯಲ್ಲಿ ದ್ರೌಪದಿಯಾದರು. ಕೇಳದೆ ಅವರ ಹೆಸರು ಬರೆಯುವುದು ಸರಿಯಲ್ಲವೆಂದು ಬಿಟ್ಟಿದ್ದೇನೆ. ಅವರ ಅಭಿನಯದ ಬಗ್ಗೆ ಬರೆಯದೆ ಇರಲು ಮಾತ್ರ ನನ್ನಿಂದ ಆಗಲಿಲ್ಲ.

ಕಂಪನಿ ನಾಟಕಗಳ ರಚನೆಯನ್ನು ಬಲ್ಲವರಿಗೆ ರಸ್ತೆ ಪರದೆಯ ಮಹತ್ವ ಗೊತ್ತಿರುತ್ತದೆ. ಗೌಡರ ಮನೆಯ ದೃಶ್ಯ ಮುಗಿದು ಕಾಡೋ ದರ್ಬಾರೋ ಸಜ್ಜಾಗುವವರೆಗೆ ರಂಗದ ಮುಂಭಾಗದಲ್ಲಿ ಬೀದಿಯ ಚಿತ್ರವಿರುವ ಪರದೆ ಇಳಿಯುತ್ತದೆ, ಅದರ ಮುಂದಿನ ನಾಲ್ಕಡಿ ಜಾಗದಲ್ಲಿ ಹಾಸ್ಯದ ಜೋಡಿ ಪ್ರೇಕ್ಷಕರನ್ನು ಹಿಡಿದು ನಿಲ್ಲಿಸಬೇಕಾಗುತ್ತದೆ. ನಾಯಕ ನಾಯಕಿಯರು ಗ್ರಂಥದ ಕನ್ನಡದಲ್ಲಿ ಮಾತಾಡಿದರೆ ಈ ಜೋಡಿಗೆ ಊರಿನ ಜವಾರಿ ಮಾತೇ ಬಂಡವಾಳ.

ಮೊದಲ ರಾತ್ರಿ ಆ ಕಲಾವಿದೆ ಗೌಡರ ಮನೆಯ ಅಡುಗೆಯವಳಾಗಿದ್ದರು. ಬುಟ್ಟಿಯಲ್ಲಿನ ಜೋಳದ ರೊಟ್ಟಿಗಳನ್ನು ಎಣಿಸುತ್ತ, ಆಳುಮಗ ಕದ್ದು ತಿಂದದ್ದನ್ನು ಪತ್ತೆ ಹಚ್ಚುವ ಸಣ್ಣ ದೃಶ್ಯ ಅದು. ಪರದೆಯ ಹಿಂದೆ ಮುಂದಿನ ಸೀನು ಸಿಕ್ಕಿಹಾಕಿಕೊಂಡಿತ್ತು. ಬಡಿಗೆಯ ಸದ್ದು ನಮಗೂ ಕೇಳುತ್ತಿತ್ತು. ಅಷ್ಟರಲ್ಲಿ ಆಳುಮಗನ ಪಾತ್ರದ ಹುಡುಗ ಮಾತು ಮರೆತು ಬೆವೆತು ನಿಂತ. ಆಕೆ ಅವನ ಕಡೆ ತಿರುಗದೆಯೇ, ‘ಬೆಕ್ಕು ತಿಂತು ಅಂತ ಹೇಳಾಂವ ಇದ್ದಿ ಹೌದಲ್ಲೋ?’ ಎಂದು ಗದರಿದರು. ಅವನು ಮರೆತಿದ್ದ ಮಾತು ಅದೇ ಆಗಿತ್ತು ಎಂದು ಮಾಸ್ತರರು ಆಮೇಲೆ ಹೇಳಿದರು. ಸಭೆಗೆ ತಪ್ಪೇ ಕಾಣಲಿಲ್ಲ. ರೊಟ್ಟಿ ಎಣಿಕೆ ಮತ್ತೆ ಒಂದರಿಂದ ಶುರುವಾಗಿ, ಪ್ರತಿ ಸಲವೂ ಬೇರೆ ಕಡೆ ತಪ್ಪುತ್ತ, ಹತ್ತು ನಿಮಿಷ ನಡೆಯಿತು. ನಗು ಏರಿ, ಇನ್ನೇನು ಇಳಿಯಬೇಕು ಎನ್ನುವ ಕ್ಷಣಕ್ಕೆ ಅವರ ಮುಂದಿನ ಮಾತು ಬೀಳುತ್ತಿತ್ತು.

ಮರುರಾತ್ರಿ ಅವರು ದ್ರೌಪದಿಯಾಗಿ ಬಂದಾಗ, ಹಿಂದಿನ ರಾತ್ರಿಯ ನೆನಪಿಗೆ ಮುಂದಿನ ಸಾಲಿನ ಹೆಣ್ಣುಮಕ್ಕಳು ನಕ್ಕರು. ಬೇರೆಯವರಾಗಿದ್ದರೆ ಗಾಬರಿಯಿಂದ ಮಾತು ಆರಂಭಿಸಿಬಿಡುತ್ತಿದ್ದರೇನೋ. ಆಕೆ ಸುಮ್ಮನೆ ನಿಂತರು, ಕಾಲಿನಿಂದ ಗಾಳಿ ಒತ್ತಿ ನುಡಿಸುವ ಹಾರ್ಮೋನಿಯಂ ಆದ ಕಾಲುಪೇಟಿಯ ಸ್ವರ ಮುಗಿಯಲು ಬಿಟ್ಟರು, ನಗು ತಾನಾಗಿ ಸತ್ತ ಮೇಲೆ ಬಾಯಿ ತೆರೆದರು. ಹಿಂದಿನ ರಾತ್ರಿ ನಗೆಯನ್ನು ಅಳೆದ ಕಿವಿಯೇ ಈಗ ಮೌನವನ್ನು ಅಳೆಯುತ್ತಿತ್ತು. ಕಂದಗಲ್ಲರ ಸಂಭಾಷಣೆಗಳು ಪ್ರಾಸದಿಂದ ತುಂಬಿದ ಉದ್ದನೆಯ ಮಾತುಗಳು. ಉಸಿರು ಸಾಲದವರ ಬಾಯಲ್ಲಿ ಅವು ಬರೀ ಕೂಗಾಟವಾಗುತ್ತವೆ. ಒಂದೇ ರಾತ್ರಿ ಐವರು ಮಕ್ಕಳನ್ನು ಕಳೆದುಕೊಂಡ ತಾಯಿಯ ದುಃಖವನ್ನು ಆಕೆ ಎದೆ ಬಡಿದುಕೊಂಡು ತೋರಿಸಲಿಲ್ಲ. ಐದು ಬೆರಳುಗಳನ್ನು ಒಂದೊಂದಾಗಿ ಮಡಿಚಿದರು, ಅಷ್ಟೇ. ರೊಟ್ಟಿ ಎಣಿಸಿದ್ದ ಬೆರಳುಗಳವು. ನನ್ನ ಪಕ್ಕದಲ್ಲಿ ಕುಳಿತಿದ್ದ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಇಷ್ಟಾದರೂ ಹ್ಯಾಂಡ್‌ಬಿಲ್ಲಿನಲ್ಲಿ ಹಾಸ್ಯಪಾತ್ರದವರ ಹೆಸರು ಕೆಳಗೇ ಇರುತ್ತದೆ, ಸಂಭಾವನೆಯೂ ನಾಯಕಿಗಿಂತ ಕಡಿಮೆ. ಇದು ನನಗೆ ಒಪ್ಪಿಗೆಯಾಗದ ಲೆಕ್ಕ. ದ್ವಂದ್ವಾರ್ಥದ ಮಾತುಗಳನ್ನು ಬರೆಯುವವರು, ಅವನ್ನೇ ಕೇಳಿ ಸಿಳ್ಳೆ ಹಾಕುವವರು ಬೇರೆ. ಅದರ ಕೆಟ್ಟ ಹೆಸರು ಮಾತ್ರ ಆಡಿದವಳ ತಲೆಗೆ ಬರುತ್ತದೆ. 1870ರ ದಶಕದಲ್ಲಿ ಗದುಗಿನಲ್ಲಿ ನಾಟಕಕಾರ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದಾಗ ಹೆಣ್ಣು ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಹೆಸರಾಂತ ರಂಗನಟ ಏಣಗಿ ಬಾಳಪ್ಪನವರು ಕೂಡ ಎಳೆಯ ವಯಸ್ಸಿನಲ್ಲಿ ಸ್ತ್ರೀಪಾತ್ರಗಳನ್ನು ಆಡಿದವರು. ಅಂಥ ರಂಗಕ್ಕೆ ಬಂದ ಹೆಣ್ಣುಮಕ್ಕಳು ಪಾತ್ರದ ಜೊತೆಗೆ ಊರಿನ ಮಾತನ್ನೂ ಹೊತ್ತರು. ಸಿನಿಮಾದ ಹಾಸ್ಯಪಾತ್ರಗಳಿಂದಲೇ ಉಮಾಶ್ರೀಯವರನ್ನು ಅಳೆದಿದ್ದವರು ದೇವನೂರ ಮಹಾದೇವ ಅವರ ‘ಒಡಲಾಳ’ದ ಬಡ ಮುದುಕಿ ಸಾಕವ್ವನಾಗಿ ಅವರನ್ನು ರಂಗದ ಮೇಲೆ ಕಂಡಾಗ ಬೆರಗಾದರು. ನಗಿಸಿದವರು ಅಳಿಸಬಲ್ಲರು ಎಂಬುದಕ್ಕೆ ಬೆರಗಾಗಬೇಕಿರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ.

ನಾಟಕ ಮುಗಿದಾಗ ಬೆಳಕು ಹರಿದಿತ್ತು. ಬಣ್ಣ ಅಳಿಸಿಕೊಂಡು ಮೊದಲ ಬಸ್ಸಿಗೆ ಕಾಯುತ್ತಿದ್ದ ಅವರಿಗೆ ಚಹಾ ಕೊಟ್ಟು, ಯಾವ ಪಾತ್ರ ಕಷ್ಟವೆಂದು ಕೇಳಿದೆ. ‘ಅಳಸಾಕ ಕತಿ ಇರತೈತ್ರಿ, ನಗಸಾಕ ನಾವ ಇರಬೇಕು’ ಎಂದರು. ಅಂದು ರಾತ್ರಿ ಸವಣೂರು ಕಡೆಯ ಹಳ್ಳಿಯೊಂದರಲ್ಲಿ ಮತ್ತೆ ಹಾಸ್ಯಪಾತ್ರವಿತ್ತು. ಬಸ್ಸು ಬರುವವರೆಗೂ ಅವರು ಪೇಟಿ ಮಾಸ್ತರರನ್ನು ಕೇಳುತ್ತಿದ್ದುದು ಒಂದೇ: ಅಲ್ಲಿನ ಆಳುಮಗನ ಪಾತ್ರದ ಹುಡುಗನಿಗೆ ಮಾತು ಎಷ್ಟರ ಮಟ್ಟಿಗೆ ಬಾಯಿಪಾಠವಾಗಿದೆ?